ಎರಡೆರಡು ಸಲ ಹೇಳುವ ಮನೆಗೆ ಸೌಂಡ್‌ಬಾರ್ ಬಂದದ್ದು

ನಮ್ಮ ಮನೆಯಲ್ಲಿ ಪ್ರತಿ ಮಾತನ್ನೂ ಎರಡು ಸಲ ಹೇಳಬೇಕು. ಕಾಫಿ ಆಯಿತು ಎನ್ನುವುದನ್ನೂ ಎರಡು ಸಲ, ಗ್ಯಾರೇಜಿನ ಬಾಗಿಲು ತೆರೆದೇ ಇದೆ ಎನ್ನುವುದನ್ನೂ ಎರಡು ಸಲ. ಮೊದಲನೆಯ ಸಲ ಮಾಮೂಲಿ ದನಿಯಲ್ಲಿ ಹೇಳುತ್ತೇನೆ. ನಮ್ಮ ಯಜಮಾನರು “ಆಂ?” ಎನ್ನುತ್ತಾರೆ. ಎರಡನೆಯ ಸಲ ದನಿ ಏರಿಸಿದರೆ “ಅದಕ್ಯಾಕೆ ಕಿರುಚ್ತೀಯ, ನಂಗೇನು ಕಿವಿ ಕೇಳ್ಸಲ್ವಾ?” ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಕೇಳಿಸುವುದಿಲ್ಲ ಎಂದು ನಾನೂ ಹೇಳುವುದಿಲ್ಲ, ಕೇಳಿಸುತ್ತದೆ ಎಂದು ಅವರೂ ಖಚಿತವಾಗಿ ಹೇಳುವುದಿಲ್ಲ. ಹೀಗೇ ಎರಡು ಮೂರು ವರ್ಷ ನಡೆದಿತ್ತು.

ಅವರು ಇಲ್ಲಿ, ಪರದೇಶದಲ್ಲಿ, ಮಿಲ್ಪಿಟಾಸ್ ಎಂಬ ಊರಿನ ಒಂದು ಕಂಪನಿಯ ಟೆಸ್ಟ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಸಾಲುಸಾಲಾಗಿ ನಿಲ್ಲಿಸಿದ ಸರ್ವರುಗಳು, ಒಂದೊಂದಕ್ಕೂ ಅರ್ಧ ಡಜನ್ ಫ್ಯಾನು. ಒಮ್ಮೆ ಕುಟುಂಬದವರಿಗೆಲ್ಲ ಆಫೀಸು ತೋರಿಸುವ ದಿನ ನಾನೂ ಹೋಗಿದ್ದೆ. ಆ ಕೋಣೆಯ ಬಾಗಿಲು ತೆಗೆದದ್ದೇ ವಿಮಾನದ ಪಕ್ಕ ನಿಂತ ಹಾಗಾಯಿತು. ಗೋಡೆಗೆ ಒಂದು ಡಬ್ಬಿ ಅಂಟಿಸಿ ಅದರಲ್ಲಿ ಕಿವಿಗೆ ಇಟ್ಟುಕೊಳ್ಳುವ ಕಿತ್ತಳೆ ಬಣ್ಣದ ಸ್ಪಂಜಿನ ತುಂಡುಗಳನ್ನು ಇಟ್ಟಿದ್ದರು. “ನೀವು ಇದನ್ನ ಹಾಕ್ಕೋತೀರಾ?” ಎಂದು ಕೇಳಿದ್ದಕ್ಕೆ, “ಎರಡು ನಿಮಿಷದ ಕೆಲಸಕ್ಕೆ ಯಾರು ಹಾಕ್ಕೋತಾರೆ” ಎಂದಿದ್ದರು. ಅಂಥ ಎರಡೆರಡು ನಿಮಿಷಗಳೆಲ್ಲ ಸೇರಿ ಎಷ್ಟು ವರ್ಷಗಳಾದವು ಎಂದು ನಾನು ಆಗ ಲೆಕ್ಕ ಹಾಕಲಿಲ್ಲ.

ಆಫೀಸಿನಲ್ಲಿ ಅವರಿಗೆ ಏನೂ ತೊಂದರೆಯಿಲ್ಲ. ಅಥವಾ ತೊಂದರೆ ಇದೆ ಎಂದು ಯಾರಿಗೂ ಗೊತ್ತಿಲ್ಲ. ಈಗ ಮೀಟಿಂಗುಗಳೆಲ್ಲ ಪರದೆಯ ಮೇಲೇ ನಡೆಯುತ್ತವೆ, ಯಾರು ಏನು ಮಾತಾಡಿದರೂ ಕೆಳಗೆ ಅಕ್ಷರ ಮೂಡುತ್ತದೆ. ಮನೆಯಲ್ಲಿ ಇಂಗ್ಲಿಷ್ ಸಿನಿಮಾ ಹಾಕಿದರೂ ಕೆಳಗೆ ಅಕ್ಷರ ಬರುತ್ತದೆ. ನ್ಯೂಸಿಗೂ ಬರುತ್ತದೆ. ಕನ್ನಡಕ್ಕೆ ಮಾತ್ರ ಬರುವುದಿಲ್ಲ. ನಮ್ಮ ಕನ್ನಡ ಚಾನೆಲ್ಲುಗಳ ಸೀರಿಯಲ್ಲಿಗೂ ಬರುವುದಿಲ್ಲ, ಮಂಡ್ಯದಿಂದ ಬರುವ ಅವರ ತಮ್ಮನ ಫೋನಿಗೂ ಬರುವುದಿಲ್ಲ, ನನ್ನ ಬಾಯಿಂದ ಬರುವ ಮಾತಿಗೂ ಬರುವುದಿಲ್ಲ. ಹಾಗಾಗಿ ಹೊರಗೆ ಇಂಗ್ಲಿಷಿನಲ್ಲಿ ಅವರ ಕಿವಿ ಚೆನ್ನಾಗಿಯೇ ಇತ್ತು. ಮನೆಯೊಳಗೆ ಬಂದು ಚಪ್ಪಲಿ ಬಿಟ್ಟ ಮೇಲೆ, ಕನ್ನಡದಲ್ಲಿ, ಮಂದವಾಗುತ್ತಿತ್ತು.

ತಮ್ಮ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾನೆ, ಅಲ್ಲಿ ರಾತ್ರಿ ಊಟ ಮುಗಿಸಿ. ಮೊದಲೆಲ್ಲ ಇವರು ಫೋನು ಹಿಡಿದುಕೊಂಡು ಹಿತ್ತಲಿಗೆ ಹೋಗಿ ಓಡಾಡುತ್ತಾ ಮಾತಾಡುತ್ತಿದ್ದರು. ಬರಬರುತ್ತಾ ಸ್ಪೀಕರಿಗೆ ಹಾಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದರು. ಅವನು ಹೇಳಿದ್ದನ್ನು ನಾನು ಹೇಳಬೇಕು, ಇವರು ಉತ್ತರ ಕೊಡಬೇಕು.

“ಏನತ್ಗೆ, ಅಣ್ಣ ಕಿವೀನ ಬಾಡಿಗೆಗೆ ಬಿಟ್ಟವ್ನಾ?” ಎಂದು ಅವನು ಒಂದು ಸಲ ನಕ್ಕ.

“ಏನಂತೆ?” ಎಂದರು ಇವರು.

“ಮಳೆ ಚೆನ್ನಾಗಿ ಬಂತಂತೆ” ಎಂದೆ.

ಆಮೇಲೆ ಅದೂ ಕಡಿಮೆಯಾಯಿತು. ಫೋನು ಬಂದರೆ “ನೀನೇ ಮಾತಾಡು, ನಾನು ಸ್ನಾನಕ್ಕೆ ಹೋಗ್ತೀನಿ” ಎನ್ನುವರು. ಭಾನುವಾರದ ಹೊತ್ತಿಗೆ ಸರಿಯಾಗಿ ಸ್ನಾನ ಬರುತ್ತಿತ್ತು. ನನಗೆ ದಣಿವಾಗುತ್ತಿದ್ದದ್ದು ಎರಡು ಸಲ ಹೇಳುವುದಕ್ಕಲ್ಲ. ಮನುಷ್ಯ ಒಂದೊಂದೇ ಮಾತನ್ನು ಬಿಟ್ಟುಕೊಟ್ಟು ಮೂಲೆ ಸೇರುತ್ತಿದ್ದಾರಲ್ಲ, ಅದನ್ನು ನೋಡುವುದಕ್ಕೆ. ಕಿವಿಯ ಡಾಕ್ಟರಿಗೆ ತೋರಿಸೋಣ ಎಂದು ನಾನು ಹೇಳದ ದಿನವಿರಲಿಲ್ಲ.

“ತೋರಿಸಿದ್ರೆ ಏನ್ ಮಾಡ್ತಾರೆ? ಕಿವಿ ಹಿಂದೆ ಒಂದು ಮಿಷನ್ನು ಸಿಗಿಸ್ತಾರೆ. ಅದನ್ನ ಸಿಗಿಸ್ಕೊಂಡು ನಾನು ಆಫೀಸಿಗೆ ಹೋದ್ರೆ ಮುಂದಿನ ಸಲ ಜನ ತೆಗಿಯುವಾಗ ಮೊದಲು ನನ್ನನ್ನೇ ತೆಗೀತಾರೆ. ಈಗಾಗಲೇ ನಮ್ಮ ಟೀಮಲ್ಲಿ ನಾನೇ ಮುದುಕ.”

“ಹಾಗಾದ್ರೆ ನಿಮ್ಮ ಕಿವಿ ಸರಿಯಾಗಿದೆ, ಲೋಕದವರೆಲ್ಲ ಪಿಸುಗುಡ್ತಿದಾರೆ ಅನ್ನಿ.”

“ಹೌದು ಮತ್ತೆ. ಈಗಿನ ಆಕ್ಟರುಗಳು ಬಾಯೇ ತೆಗಿಯಲ್ಲ.”

ಟಿವಿಯ ವಾಲ್ಯೂಮು ಏರುತ್ತಾ ಹೋಯಿತು. ನಮ್ಮದು ಟೌನ್‌ಹೌಸು, ಆ ಕಡೆಯ ಮನೆಗೂ ನಮಗೂ ಒಂದೇ ಗೋಡೆ. ಅಲ್ಲಿ ಇರುವವರು ಫಿಲಿಪೀನ್ಸಿನ ನರ್ಸು, ರಾತ್ರಿ ಪಾಳಿ, ಸಂಜೆ ಹೊತ್ತು ಮಲಗುತ್ತಾರೆ. ಒಂದು ದಿನ ಹೊರಗಿನ ಅಂಚೆ ಡಬ್ಬಿಗಳ ಹತ್ತಿರ ಸಿಕ್ಕಿ, ನಗುತ್ತಲೇ, ನಿಮ್ಮ ಸೀರಿಯಲ್ಲಿನ ಅತ್ತೆಯ ಬೈಗುಳ ನನಗೂ ಬಾಯಿಪಾಠವಾಗಿದೆ ಎಂದರು. ಭಾಷೆ ಗೊತ್ತಿಲ್ಲದಿದ್ದರೂ ಅತ್ತೆ ಯಾರು ಎಂದು ಗೊತ್ತಾಗಿದೆ. ನನಗೆ ತಲೆ ಎತ್ತಲಾಗಲಿಲ್ಲ. ಒಳಗೆ ಬಂದು ಹೇಳಿದೆ, ಎರಡು ಸಲ.

ಯಜಮಾನರು ಯೋಚಿಸಿ ಟಿವಿಯ ಮೇಲೆ ತಪ್ಪು ಹೊರಿಸಿದರು. “ಇದು ತೆಳ್ಳಗಿನ ಟಿವಿ ಕಣೆ. ಸ್ಪೀಕರು ಹಿಂದಕ್ಕೆ ತಿರುಗಿರುತ್ತೆ. ಸೌಂಡೆಲ್ಲ ಹೋಗಿ ಗೋಡೆಗೆ ಹೊಡೆಯುತ್ತೆ, ಅದಕ್ಕೇ ಆಯಮ್ಮನಿಗೆ ಕೇಳ್ಸುತ್ತೆ, ನಮಗೆ ಕೇಳ್ಸಲ್ಲ. ಒಂದು ಸೌಂಡ್‌ಬಾರು ಅಂತ ಬರುತ್ತೆ, ಉದ್ದನೆ ಸ್ಪೀಕರು, ಅದನ್ನ ಹಾಕಿದ್ರೆ ಸರಿಹೋಗುತ್ತೆ. ಮುಂದಕ್ಕೆ ನೇರವಾಗಿ ಬರುತ್ತೆ.”

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ತೊಂದರೆ.

“ಆಗಲಿ, ತನ್ನಿ. ಅದು ಹಾಕಿದ ಮೇಲೂ ಕೇಳಿಸದಿದ್ರೆ ಡಾಕ್ಟರ ಹತ್ತಿರ ಬರ್ತೀರಾ?”

ಈ ಒಂದು ಮಾತು ಅವರಿಗೆ ಮೊದಲನೆಯ ಸಲಕ್ಕೇ ಕೇಳಿಸಿತು. “ಬರ್ತೀನಿ” ಎಂದರು.

ಶನಿವಾರ ಬೆಳಿಗ್ಗೆ ಹೋಗಿ ತಂದರು. ಉದ್ದನೆಯ ಪೆಟ್ಟಿಗೆ, ಒಳಗೆ ಬಿಳಿಯ ಥರ್ಮೋಕೋಲಿನ ನಡುವೆ ಕಪ್ಪಗೆ ಸಪೂರವಾಗಿ ಮಲಗಿದ್ದ ಯಂತ್ರ. ತಿಂಡಿಗೆ ಮಾಡಿದ್ದ ಅಕ್ಕಿರೊಟ್ಟಿ ತಣ್ಣಗಾದರೂ ಅವರಿಗೆ ಪರಿವೆಯಿಲ್ಲ. ನಮ್ಮ ಟಿವಿ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದು. ಹಿಂದೆ ಕೈ ತೂರಿಸಲು ಜಾಗ ಸಾಲದು. ಅವರು ಕೆನ್ನೆಯನ್ನು ಗೋಡೆಗೆ ಒತ್ತಿ ಒಳಗೆ ಇಣುಕುವುದು, ನಾನು ಫೋನಿನ ಲೈಟು ಹಿಡಿದು ನಿಲ್ಲುವುದು. “ಸ್ವಲ್ಪ ಮೇಲೆ. ಅಷ್ಟು ಮೇಲಲ್ಲ. ನನ್ನ ಕಣ್ಣಿಗಲ್ಲ ಕಣೆ, ತೂತಿಗೆ.” ಸರಿಯಾದ ತೂತು ಸಿಗಲಿಲ್ಲ. ಒಂದರಲ್ಲಿ ಕನ್ನಡ ಚಾನೆಲ್ಲಿನ ಡಬ್ಬಿ, ಒಂದರಲ್ಲಿ ಏನೂ ಇಲ್ಲ, ಸೌಂಡ್‌ಬಾರಿಗೆಂದೇ ಇರಬೇಕಾದ ಗುರುತಿನದು ಆ ಹಳೆಯ ಟಿವಿಯಲ್ಲಿ ಇಲ್ಲವೇ ಇಲ್ಲ.

ಮಗಳಿಗೆ ವಿಡಿಯೋ ಕಾಲ್ ಮಾಡಿದೆವು. ಅವಳು ಸ್ಯಾಂಡಿಯಾಗೋದಲ್ಲಿ ಕೆಲಸದಲ್ಲಿದ್ದಾಳೆ. ಹಾಸಿಗೆಯಲ್ಲೇ ಕೂತು ಕೂದಲು ಕಟ್ಟಿಕೊಳ್ಳುತ್ತಾ ನೋಡಿದಳು.

“ಅಮ್ಮ, ಟೆಲ್ ಹಿಮ್ ಟು ಯೂಸ್ ದ ಆಪ್ಟಿಕಲ್. ಇಟ್ಸ್ ದ ಸ್ಕ್ವೇರ್ ಒನ್. ಚಿಕ್ಕದು.”

“ಏನಂತೆ?”

“ಚೌಕದ ತೂತಂತೆ ರೀ, ಚಿಕ್ಕದು.”

“ನಂಗೊತ್ತು, ಅದನ್ನೇ ಹುಡುಕ್ತಿರೋದು.”

“ಅಪ್ಪ, ಕೇಬಲ್ ತುದೀಲಿ ಪ್ಲಾಸ್ಟಿಕ್ ಕ್ಯಾಪ್ ಇರುತ್ತೆ, ಟೇಕ್ ದಟ್ ಆಫ್.”

“ಏನಂತೆ?”

“ತುದಿಯ ಪ್ಲಾಸ್ಟಿಕ್ ತೆಗಿಯಿರಿ ಅಂತಿದಾಳೆ.”

ಮಗಳು ಪರದೆಯೊಳಗಿಂದ ನನ್ನನ್ನೇ ನೋಡಿದಳು. “ಅಮ್ಮ, ಇಸ್ ಇಟ್ ಆಲ್ವೇಸ್ ಲೈಕ್ ದಿಸ್ ನೌ?” ಎಂದು ಕೇಳಿದಳು. ಅದನ್ನು ನಾನು ಎರಡನೆಯ ಸಲ ಹೇಳಲಿಲ್ಲ.

ಆ ಕೇಬಲ್ಲನ್ನು ಟಿವಿಗೆ ಸಿಕ್ಕಿಸಿದ ಮೇಲೆ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಬಂತು. ಯಜಮಾನರು ಅದನ್ನು ನನ್ನ ಅಂಗೈಗೆ ಹಿಡಿದರು. ಅಂಗೈ ನಡುವೆ ಕುಂಕುಮ ಇಟ್ಟ ಹಾಗೆ ಸಣ್ಣ ಕೆಂಪು ಚುಕ್ಕೆ. “ಇದೇ ನೋಡು ಸೌಂಡು. ಬೆಳಕಾಗಿ ಹೋಗಿ ಆ ಕಡೆ ಶಬ್ದ ಆಗುತ್ತೆ” ಎಂದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಉತ್ಸಾಹ ಕಂಡಿತ್ತು. ಬೇಗ ಮುಗಿದರೆ ರೊಟ್ಟಿ ಬಿಸಿ ಮಾಡಬಹುದು ಎಂದು ನನಗೆ.

ಬೇಗ ಮುಗಿಯಲಿಲ್ಲ. ಮೊದಲು ಶಬ್ದವೇ ಬರಲಿಲ್ಲ. ಟಿವಿಯ ಸೆಟ್ಟಿಂಗಿನೊಳಗೆ ಹೋಗಿ ಇನ್ನೇನೋ ಆರಿಸಬೇಕು ಎಂದು ಮಗಳು ಹೇಳಿ, ನಾನು ಹೇಳಿ, ಅವರು ಆರಿಸಿದರು. ಆಮೇಲೆ ಟಿವಿಯಿಂದಲೂ ಬಂತು, ಬಾರಿನಿಂದಲೂ ಬಂತು, ಒಂದರ ಹಿಂದೆ ಒಂದು. ಪ್ರತಿಯೊಬ್ಬರೂ ಎರಡೆರಡು ಸಲ ಮಾತಾಡಿದರು. “ಅಯ್ಯೋ, ಇದೂ ನಮ್ಮನೆ ರೂಢಿ ಕಲೀತಲ್ಲ” ಎಂದೆ. ಇವರಿಗೆ ಕೇಳಿಸಲಿಲ್ಲ, ಮಗಳು ನಕ್ಕಳು. ಟಿವಿಯ ಸ್ಪೀಕರು ಬಂದ್ ಮಾಡಿದ ಮೇಲೆ ಸರಿಯಾಯಿತು. ಬಾರಿಗೆ ಅದರದ್ದೇ ಪುಟ್ಟ ರಿಮೋಟು. ಅದರಲ್ಲಿ ಮಾತನ್ನು ಮಾತ್ರ ಎತ್ತಿ ಕೊಡುವ ಒಂದು ಗುಂಡಿ ಇತ್ತು. “ಈ ಗುಂಡಿಗೋಸ್ಕರವೇ ಇದನ್ನ ತಂದಿದ್ದು. ಮ್ಯೂಸಿಕ್ ಹಿಂದಕ್ಕೆ ಹೋಗುತ್ತೆ, ಮಾತು ಮುಂದಕ್ಕೆ ಬರುತ್ತೆ. ಸಂಜೆ ಸೀರಿಯಲ್ಲಿಗೆ ನೋಡೋಣ” ಎಂದು ಒತ್ತಿ ತೋರಿಸಿ ಊಟಕ್ಕೆ ಎದ್ದರು.

ಸಂಜೆ ದೀಪ ಹಚ್ಚಿದಾಗ ಸೌಂಡ್‌ಬಾರಿಗೂ ಅರಿಸಿನ ಕುಂಕುಮ ಇಟ್ಟೆ. ಮನೆಗೆ ಬಂದ ಯಾವ ಹೊಸ ಸಾಮಾನಿಗೂ ಹಾಗೆ ಮಾಡುತ್ತೇನೆ. ಕಾರಿಗೆ, ಮಿಕ್ಸಿಗೆ, ತನ್ನಷ್ಟಕ್ಕೆ ನೆಲ ಗುಡಿಸಿಕೊಂಡು ಹೋಗುವ ಆ ದುಂಡನೆಯ ಯಂತ್ರಕ್ಕೂ. ಅರಿಸಿನವನ್ನು ಗಟ್ಟಿಯಾಗಿ ಕಲಸಿ, ನೋಡಿ, ಸರಿಯಾಗಿ ನಟ್ಟನಡುವೆ ಇಡಬೇಕು. ಓರೆಯಾದರೆ ನನಗೆ ಸಮಾಧಾನವಿಲ್ಲ. ಬಾರಿನ ಮುಂಭಾಗವೆಲ್ಲ ಜಾಲರಿ, ನಡುವೆ ಮಾತ್ರ ಉಗುರಿನಗಲ ನುಣುಪಾದ ಕರಿಯ ಜಾಗ. ಬೊಟ್ಟಿಡಲೆಂದೇ ಮಾಡಿದ ಹಾಗಿತ್ತು. ಅರಿಸಿನವಿಟ್ಟು, ಅದರ ಮೇಲೆ ಕುಂಕುಮವಿಟ್ಟು, ಒಂದು ಹೂವೂ ಇಟ್ಟೆ. ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಯಾವುದು ಒಳ್ಳೆಯದು, ಅವರಿಗೆ ಕೇಳಿಸುವುದೋ ಕೇಳಿಸದಿರುವುದೋ, ಎಂಬುದು ಮಾತ್ರ ನನಗೇ ಸ್ಪಷ್ಟವಿರಲಿಲ್ಲ.

ಸೀರಿಯಲ್ಲಿಗೆ ಕೂತರೆ ರಿಮೋಟು ಕೆಲಸ ಮಾಡಲಿಲ್ಲ. ಬಾರಿನ ತಲೆಯ ಮೇಲೆ ಆನ್ ಮಾಡುವ ಗುಂಡಿಯೂ ವಾಲ್ಯೂಮಿನ ಗುಂಡಿಗಳೂ ಇದ್ದವು, ಆದರೆ ಮಾತು ಎತ್ತಿಕೊಡುವ ಗುಂಡಿ ರಿಮೋಟಿನಲ್ಲಿ ಮಾತ್ರ. ಮಧ್ಯಾಹ್ನ ಒತ್ತಿದ್ದು ಬಾರನ್ನು ಆರಿಸಿದಾಗ ಹೋಗಿಬಿಟ್ಟಿತ್ತು. ಬ್ಯಾಟರಿ ಬದಲಾಯಿಸಿದರು. ರಿಮೋಟಿನ ಮೂತಿಯನ್ನು ಫೋನಿನ ಕ್ಯಾಮೆರಾದ ಎದುರು ಹಿಡಿದು ಒತ್ತಿದರು. ಫೋನಿನಲ್ಲಿ ನೇರಳೆ ಬಣ್ಣದ ಕಿಡಿ ಕಾಣಿಸಿತು. “ನೋಡು, ರಿಮೋಟು ಕಳಿಸ್ತಾ ಇದೆ. ಬಾರೇ ತಗೋತಾ ಇಲ್ಲ. ಒಳಗೆ ಸತ್ತಿದೆ” ಎಂದರು. “ಬೆಳಿಗ್ಗೆ ಚೆನ್ನಾಗಿತ್ತಲ್ರೀ.” “ಹೊಸ ಸಾಮಾನು ಸಾಯೋದಾದ್ರೆ ಮೊದಲ ದಿನವೇ ಸಾಯುತ್ತೆ. ಲ್ಯಾಬಲ್ಲಿ ದಿನಾ ನೋಡ್ತೀನಿ. ನಾಳೆ ವಾಪಸ್ ಕೊಟ್ಟುಬರೋಣ.”

ಅವರ ದನಿಯಲ್ಲಿ ಬೇಸರ ಇರಬೇಕಿತ್ತು, ಇರಲಿಲ್ಲ. ಹಗುರವಾಗಿದ್ದರು. ತಪ್ಪು ಮತ್ತೆ ಯಂತ್ರದ್ದಾಗಿತ್ತು. ಅಂಗಡಿಗೆ ಹೋಗುವುದು, ಇನ್ನೊಂದು ತರುವುದು, ಅದರಲ್ಲೂ ಏನೋ ಒಂದು ಕೊರತೆ ಕಾಣುವುದು. ಹೀಗೇ ದೀಪಾವಳಿಯವರೆಗೂ ದೂಡಬಹುದು. ನಾನು ಸೀರಿಯಲ್ಲಿನ ಮಾತುಗಳನ್ನು ಹೇಳುತ್ತಾ ಕೂತೆ.

ಭಾನುವಾರ ಬೆಳಿಗ್ಗೆ ತಮ್ಮನ ಫೋನು ಬಂತು, ಇವರಿಗೆ ಸ್ನಾನ ಬಂತು. ಗ್ಯಾರೇಜಿನಿಂದ ಪೆಟ್ಟಿಗೆಯನ್ನು ಆಗಲೇ ತಂದಿಟ್ಟಿದ್ದರು. ನಾನು ಫೋನು ಮುಗಿಸಿ ಬಾರನ್ನು ಪೆಟ್ಟಿಗೆಗೆ ಇಡೋಣ ಎಂದು ಹೋದೆ. ಕುಂಕುಮ ಮೆತ್ತಿದ ಸಾಮಾನನ್ನು ಅಂಗಡಿಯವರ ಮುಂದೆ ಹೇಗೆ ಇಡುವುದು? ಹಿಂದೆ ಒಂದು ಮಿಕ್ಸಿಯನ್ನು ಹಾಗೇ ಕೊಟ್ಟಾಗ ಕೌಂಟರಿನ ಹುಡುಗಿ ಇದೇನು ರಕ್ತವೇ ಎಂದು ಕೇಳಿದ್ದಳು. ಒದ್ದೆ ಬಟ್ಟೆ ತಂದು ಒರೆಸಿದೆ. ಒಣಗಿದ ಅರಿಸಿನ ಸುಲಭಕ್ಕೆ ಬರಲಿಲ್ಲ, ಉಗುರಿನಿಂದ ಕೆರೆಯಬೇಕಾಯಿತು. ಒರೆಸಿ ಮುಗಿಸಿ, ವೈರು ಕೀಳುವ ಮೊದಲು ಬಾರನ್ನು ಆರಿಸಿಬಿಡೋಣ ಎಂದು, ಕೈಗೆ ಸಿಕ್ಕ ರಿಮೋಟನ್ನೇ ಯೋಚಿಸದೆ ಒತ್ತಿದೆ. ಬಾರಿನ ದೀಪ ಆರಿತು. ಮತ್ತೆ ಒತ್ತಿದೆ. ಹತ್ತಿತು.

ಬಟ್ಟೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ನುಣುಪಾದ ಜಾಗವೇ ರಿಮೋಟಿನ ಕಿಡಿಯನ್ನು ನೋಡುವ ಅದರ ಕಣ್ಣು. ನಾನು ಕಣ್ಣಿನ ಮೇಲೆ ಬೊಟ್ಟಿಟ್ಟಿದ್ದೆ.

ನಗು ಬರಬೇಕಿತ್ತು. ಮೇಲೆ ಸ್ನಾನದ ನೀರಿನ ಸದ್ದು. ಹೇಳದೇ ಇದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಪೆಟ್ಟಿಗೆ ಕಾರಿಗೆ ಹೋಗುತ್ತದೆ, ಅಂಗಡಿಗೆ ಹೋಗುತ್ತದೆ, ಅವರು ಹಗುರವಾಗಿಯೇ ಇರುತ್ತಾರೆ. ಹೇಳಿದರೆ ಇವತ್ತೇ, ಇದೇ ಕೋಣೆಯಲ್ಲಿ, ತಪ್ಪು ಯಾರದು ಎಂದು ಗೊತ್ತಾಗಿಬಿಡುತ್ತದೆ. ಇಷ್ಟು ದಿನ ಅದೇ ಗೊತ್ತಾಗಲಿ ಎಂದು ಕಾದವಳಿಗೆ ಆಗ ಅವರ ಮೇಲೆ ಕನಿಕರ ಬಂತು. ಆದರೂ ಇನ್ನೊಂದು ವರ್ಷ ಎರಡೆರಡು ಸಲ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ.

ಅವರು ತಲೆ ಒರೆಸಿಕೊಳ್ಳುತ್ತಾ ಇಳಿದು ಬಂದರು. “ಪ್ಯಾಕ್ ಮಾಡಿದ್ಯಾ?”

ರಿಮೋಟು ಒತ್ತಿ ತೋರಿಸಿದೆ, ಮಡಿಲಲ್ಲಿದ್ದ ಕೆಂಪಾದ ಬಟ್ಟೆಯನ್ನೂ ತೋರಿಸಿದೆ. ಅವರು ಬಾರನ್ನು ನೋಡಿದರು, ಬಟ್ಟೆಯನ್ನು ನೋಡಿದರು, ಮೆಟ್ಟಿಲ ಮೇಲೇ ನಿಂತುಬಿಟ್ಟರು.

“ನಿನ್ನ ಬೊಟ್ಟು” ಎಂದರು.

“ಹೂಂ.”

“ಮೂವತ್ತು ವರ್ಷದಿಂದ ಸಾಮಾನು ಟೆಸ್ಟ್ ಮಾಡ್ತಿದೀನಿ ನಾನು. ಕುಂಕುಮ ಒಂದನ್ನ ಚೆಕ್ ಮಾಡ್ಲಿಲ್ಲ ನೋಡು” ಎಂದು ಸಣ್ಣಗೆ ನಕ್ಕರು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಮಧ್ಯಾಹ್ನ ಹುಳಿಯನ್ನ ಉಂಡು, ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಸೀರಿಯಲ್ಲನ್ನು ಮುಂದುವರಿಸಿದೆವು. ಅವರು ತಾವೇ ಆ ಗುಂಡಿ ಒತ್ತಿದರು. ನಿಜಕ್ಕೂ ಚೆನ್ನಾಗಿತ್ತು. ಹಿಂದಿನ ಸಂಗೀತ ಕೆಳಗಿಳಿದು ಒಬ್ಬೊಬ್ಬರ ಮಾತೂ ನಮ್ಮ ಪಕ್ಕದಲ್ಲಿ ಕೂತು ಆಡಿದಂತೆ ಬಂತು. ಅದರಲ್ಲಿ ಬರುವ ಮುದುಕಿಯೊಬ್ಬಳ ಉಬ್ಬಸ ಕೂಡ ನನಗೆ ಕೇಳಿಸಿತು. ಮುದುಕಿ ಮೊಮ್ಮಗಳನ್ನು ಹತ್ತಿರ ಕರೆದು ಮೆಲ್ಲಗೆ ಏನೋ ಹೇಳುವ ಜಾಗ ಬಂತು. ಮೊಮ್ಮಗಳು ಅಳತೊಡಗಿದಳು. ನಾನು ಟಿವಿಯ ಕಡೆಗೇ ನೋಡುತ್ತಿದ್ದೆ. ಪಕ್ಕಕ್ಕೆ ತಿರುಗಬಾರದು ಎಂದು ಹಟ ಹಿಡಿದಿದ್ದೆ.

ವಾಲ್ಯೂಮು ಒಂದು ಮೆಟ್ಟಿಲು ಏರಿತು. ಇನ್ನೊಂದು. ಶೋಕೇಸಿನ ಗಾಜಿನ ಬಟ್ಟಲುಗಳು ಸಣ್ಣಗೆ ಕಿಣಿಕಿಣಿ ಎಂದವು. ಗೋಡೆಯ ಆ ಕಡೆ ನರ್ಸು ಮಲಗಿರಬಹುದು ಎಂದುಕೊಂಡೆ. ಅವರು ಸೀರಿಯಲ್ಲನ್ನು ಹಿಂದಕ್ಕೆ ಓಡಿಸಿ ಮುದುಕಿಯನ್ನು ಮತ್ತೆ ಮಾತಾಡಿಸಿದರು. ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಮೊಣಕೈ ಊರಿ, ಬಾಯನ್ನೇ ನೋಡುತ್ತಾ ಕೇಳಿದರು. ಆಮೇಲೆ ಪೂರ್ತಿ ಆರಿಸಿಬಿಟ್ಟರು. ಮನೆ ಒಮ್ಮೆಲೇ ನಿಶ್ಶಬ್ದವಾಯಿತು, ಫ್ರಿಜ್ಜಿನ ಸದ್ದೊಂದೇ.

“ಏನಂದ್ಳು ಆ ಯಮ್ಮ?”

“ನಾನು ಇನ್ನು ಹೆಚ್ಚು ದಿನ ಇರಲ್ಲ, ನಿಮ್ಮಪ್ಪನಿಗೆ ಹೇಳ್ಬೇಡ ಅಂದ್ಳು.” ಗಟ್ಟಿಯಾಗಿ, ಒಂದೇ ಸಲ ಹೇಳಿದೆ.

ತಲೆ ಆಡಿಸಿದರು. ಬಹಳ ಹೊತ್ತು ರಿಮೋಟನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತರು.

“ನಾಳೆ ಡಾಕ್ಟರಿಗೆ ಫೋನ್ ಮಾಡು.”

ನನಗೆ ಎಲ್ಲಿಂದಲೋ ಸಿಟ್ಟು ಬಂತು. ಇಷ್ಟು ದಿನದ್ದೆಲ್ಲ ಸೇರಿ. “ಅದನ್ನೂ ನಾನೇ ಮಾಡ್ಬೇಕಾ? ನಿಮ್ಮ ಕಿವಿ, ನೀವೇ ಮಾಡಿ.”

“ಮಾಡಬಹುದು” ಎಂದರು ಮೆಲ್ಲಗೆ. “ಅವರು ಫೋನಲ್ಲಿ ಏನು ಹೇಳ್ತಾರೆ ಅಂತ ನಂಗೆ ಕೇಳ್ಸಲ್ಲ ಕಣೆ.”

ಆ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಎದ್ದು ಹೋಗಿ ಕಾಫಿಗೆ ನೀರಿಟ್ಟೆ.

ಸೋಮವಾರ ನಾನು ಕೆಲಸಕ್ಕೆ ಹೊರಡುವ ಮುಂಚೆ ಫೋನ್ ಮಾಡಿದೆ. ನಾನು ಕ್ಯಾಂಪ್‌ಬೆಲ್ಲಿನ ಒಂದು ಡೇಕೇರಿಗೆ ಹೋಗುತ್ತೇನೆ, ಹತ್ತು ಗಂಟೆಗೆ ಅಲ್ಲಿರಬೇಕು. ಅವರೂ ಆಫೀಸಿಗೆ ಹೊರಡದೆ, ಲಂಚ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು. ಫೋನಿನ ಆ ಕಡೆಯ ಹೆಂಗಸು ಅವರ ಹುಟ್ಟಿದ ದಿನ ಕೇಳಿದಳು, ಇನ್ಶೂರೆನ್ಸು ಕೇಳಿದಳು. ಆಮೇಲೆ, ಪರೀಕ್ಷೆಯಲ್ಲಿ ಪದಗಳನ್ನು ಕೇಳಿಸಿ ತಿರುಗಿ ಹೇಳಿಸುತ್ತೇವೆ, ನಿಮ್ಮವರಿಗೆ ಯಾವ ಭಾಷೆ ಆಗಬಹುದು ಎಂದಳು.

“ಯಾವ ಭಾಷೇಲಿ ಪರೀಕ್ಷೆ ಮಾಡ್ಬೇಕು ಅಂತ ಕೇಳ್ತಿದಾರೆ ರೀ.”

“ಆಂ?”

“ಯಾವ ಭಾಷೆ?”

“ಇಂಗ್ಲಿಷ್ ಅನ್ನು. ಆಫೀಸಿಗೆ ಅದೇ ತಾನೇ ಬೇಕಾಗಿರೋದು.”

ನಾನು ಹೇಳಲು ಬಾಯಿ ತೆರೆದಿದ್ದೆ. ಅವರು ಕೈ ಎತ್ತಿ ತಡೆದರು.

“ಕನ್ನಡ ಇದೆಯಾ ಕೇಳು.”

ಕೇಳಿದೆ. ಆ ಭಾಷೆಯ ಹೆಸರನ್ನು ಮತ್ತೊಮ್ಮೆ ಹೇಳಿ ಎಂದಳು. ಹೇಳಿದೆ. ನೋಡಿ ಹೇಳುತ್ತೇನೆ, ಲೈನಿನಲ್ಲೇ ಇರಿ ಎಂದಳು, ಪಿಯಾನೋ ಸಂಗೀತ ಶುರುವಾಯಿತು. ಅವರಿಗೆ ಅದು ಕೇಳಿಸುತ್ತಿರಲಿಲ್ಲ. ಉತ್ತರ ಬಂದರೆ ಮೊದಲು ನನ್ನ ಮುಖದಲ್ಲಿ ಕಾಣುತ್ತದೆ ಎಂಬಂತೆ ನನ್ನನ್ನೇ ನೋಡುತ್ತಾ, ಬ್ಯಾಗನ್ನು ಇಳಿಸದೆ, ಕಾಯುತ್ತಾ ನಿಂತಿದ್ದರು.